ಕೇಳುವ ಹುಳ, ಹೇಳುವ ಹುಳ

ಸಂಗ್ರಹಾಲಯದ ಹಿಂಬದಿಯ ಉದ್ದ ಕೋಣೆಗೆ ಇರುವುದು ಒಂದೇ ಕಿಟಕಿ. ಆ ಕಿಟಕಿಯ ಗೋಡೆಗೆ ಒಂದು ತುದಿ ತಾಗುವಂತೆ ಒಂದು ಸಣ್ಣ ಮೇಜು. ಮೇಜಿನ ಈಚೆ ಬದಿಗೆ ನಾನು, ಆಚೆ ಬದಿಗೆ ಗುಬ್ಬಿ. ಬೆಳಕು ಇಬ್ಬರಿಗೂ ಸಮಪಾಲು. ಮೂರು ವರ್ಷ ಹೀಗೆ ಎದುರುಬದುರು ಕೂತು, ಕಣ್ಣಿಗೂ ಬಾಯಿಗೂ ಬಿಡುವು ಕೊಡದೆ ಕೆಲಸ ಮಾಡಿದೆವು.

ಗುಬ್ಬಿ ಅಂದರೆ ಡಾಕ್ಟರೇಟಿಗೆ ಓದುತ್ತಿದ್ದ ಹುಡುಗಿ. ಬುತ್ತಿ ಬಿಚ್ಚಿ ಒಂದು ತುತ್ತು ತಿನ್ನುವುದು, ಎದ್ದು ಹೋಗಿ ಲೆನ್ಸಿಗೆ ಕಣ್ಣು ಹಚ್ಚುವುದು, ಬಂದು ಇನ್ನೊಂದು ತುತ್ತು ತಿನ್ನುವುದು. ಅದಕ್ಕೆ ನಾನೇ ಇಟ್ಟ ಹೆಸರು. ಅವಳು ನನ್ನನ್ನು ದೊಡ್ಡಮ್ಮ ಅನ್ನುತ್ತಿದ್ದಳು. ಹುಡುಕಿದರೂ ನಮ್ಮಿಬ್ಬರಲ್ಲಿ ಒಂದು ಹನಿ ರಕ್ತಸಂಬಂಧವಿಲ್ಲ. ಮೊದಮೊದಲು ಪಕ್ಕಪಕ್ಕದಲ್ಲೇ ಕೂರುತ್ತಿದ್ದೆವು. ಆದರೆ ಅವಳದು ಎಡಗೈ. ನನ್ನ ಬಲಕ್ಕೆ ಕೂತರೆ ಅವಳ ಮೊಣಕೈ ನನ್ನ ಮೊಣಕೈಗೆ ಬಡಿದು ಎಷ್ಟೋ ಹುಳಗಳ ತಲೆ ಹಾರಿಹೋಯಿತು. ಎಡಕ್ಕೆ ಕೂರೋಣವೆಂದರೆ ಗೋಡೆ. ಹಾಗಾಗಿ ಕುರ್ಚಿಯನ್ನು ಆಚೆ ಬದಿಗೆ ಹಾಕಿಕೊಂಡಳು. "ಮುಖ ನೋಡ್ತಾ ಜಗಳ ಆಡೋದಕ್ಕೂ ಅನುಕೂಲ" ಅಂದಳು.

ನಾನು ಇಲ್ಲಿಗೆ ಬಂದದ್ದು ನೆಲ ಗುಡಿಸಲು, ಹತ್ತೊಂಬತ್ತನೆಯ ವಯಸ್ಸಿನಲ್ಲಿ. ಆಮೇಲೆ ಸೀಸೆಗಳ ದೂಳು ಒರೆಸುವ ಕೆಲಸ ಕೊಟ್ಟರು. ಒಂದೊಂದು ಸೀಸೆಯ ಮೇಲೂ ಒಂದೊಂದು ಚೀಟಿ, ಚೀಟಿಯ ತುಂಬ ಇರುವೆ ಸಾಲಿನಂಥ ಬರಹ. ಇಪ್ಪತ್ತೆರಡು ವರ್ಷ ಒರೆಸಿದ ಮೇಲೆ, ನಾನು ಒರೆಸುತ್ತಿರುವುದು ಏನನ್ನು ಎಂದು ತಿಳಿಯಬೇಕೆನ್ನಿಸಿ ರಾತ್ರಿ ಶಾಲೆಗೆ ಸೇರಿದೆ. ಯಾರ ಸಹಾಯವೂ ಇಲ್ಲದೆ ಓದಿದ ಮೊದಲ ಪದ 'ಹಲ್ಲಿ'. ಹಲ್ಲಿ ಎಂದು ಬರೆದ ಸೀಸೆಯೊಳಗೆ ಹಲ್ಲಿಯೇ ಇತ್ತು! ಅವತ್ತಿನ ಸಂತೋಷ ನೆನೆದರೆ ಈಗಲೂ ನಗು ಬರುತ್ತದೆ. ಪರೀಕ್ಷೆ ಪಾಸಾದ ಮೇಲೆ ಹುಳಗಳಿಗೆ ಸೂಜಿ ಚುಚ್ಚಿ, ಕಾಲು ಸರಿಪಡಿಸಿ, ಚೀಟಿ ಬರೆದು ಪೆಟ್ಟಿಗೆಯಲ್ಲಿ ಜೋಡಿಸುವ ಕೆಲಸ ಸಿಕ್ಕಿತು. ನಿವೃತ್ತಿಯ ದಿನ ಆಗಿನ ಮುಖ್ಯಸ್ಥರು ಹಾರ ಗೀರ ಏನೂ ಹಾಕಲಿಲ್ಲ. "ಕಣ್ಣು ನೆಟ್ಟಗಿರೋ ತನಕ ಈ ಮೇಜು ನಿಮ್ಮದು" ಅಂದರು. ಅದಾಗಿ ಹನ್ನೊಂದು ವರ್ಷ. ದಿನಾ ಬರುತ್ತೇನೆ. ಮನೆಯಲ್ಲಿ ನನ್ನ ತಂಗಿ, ನನ್ನ ಮುಖದ ಅಚ್ಚನ್ನೇ ಒತ್ತಿ ಎರಡನೆಯ ಸಲ ತೆಗೆದಂಥವಳು, ಹೊಲಿಗೆ ಯಂತ್ರದ ಹಿಂದೆ ಕೂತು ಗೊಣಗುತ್ತಾಳೆ: "ನಿನ್ನ ಹುಳಗಳಿಗಿರೋ ಭಾಗ್ಯ ನನಗಿಲ್ಲ ಬಿಡಕ್ಕ."

ಗುಬ್ಬಿ ತಂದದ್ದು ಸೊಂಡಿಲ ಹುಳ. ಅಕ್ಕಿಕಾಳಿನಷ್ಟು ಗಾತ್ರ, ಬೂದು ಬಣ್ಣ, ಮುಂದಕ್ಕೆ ಚಾಚಿದ ಉದ್ದ ಮೂತಿ. ಆ ಮೂತಿಯ ನಡುವಿನಿಂದ ಎರಡು ಮೀಸೆ. ನಾನು ಹುಟ್ಟುವುದಕ್ಕೂ ಮೊದಲಿನಿಂದ ನಮ್ಮಲ್ಲಿ ಅವು ಪೆಟ್ಟಿಗೆಗಟ್ಟಲೆ ಇವೆ, ಎಲ್ಲದರ ಮೇಲೂ ಒಂದೇ ಹೆಸರು. ಅವಳು ಹೊಳೆಯ ಅಂಚಿನ ಪೊದೆಗಳಲ್ಲಿ ಹೊಸದಾಗಿ ಹಿಡಿದವು ತೊಂಬತ್ತೈದು. ನಾನು ಸೂಜಿಗೆ ಹಾಕುತ್ತ ಹಾಕುತ್ತ ಮೂರನೆಯ ದಿನ ಹೇಳಿದೆ:

"ಇದರಲ್ಲಿ ಎರಡು ಮನೆತನ ಇದೆ ಕಣೇ."

"ಎಲ್ಲಿ? ನನಗೆ ಎಲ್ಲಾ ಒಂದೇ ಥರ ಕಾಣ್ತಿದೆ."

"ಸರಿಯಾಗಿ ನೋಡು. ಇವನ ಮೂತಿ ಬುಡದಲ್ಲೇ ಬಾಗಿದೆ, ಯಾರೋ ಮಾತಾಡ್ತಿದ್ದಾರೆ, ಇವನು ಕತ್ತು ಬಗ್ಗಿಸಿ ಕೇಳ್ತಿದ್ದಾನೆ. ಇವನದು ತುದಿ ತನಕ ನೆಟ್ಟಗೆ, ತುದೀಲಿ ಮಾತ್ರ ಸ್ವಲ್ಪ ಕೆಳಕ್ಕೆ. ಇವನು ಹೇಳೋನು. ನಿನ್ನ ಹಾಗೆ."

ಅವಳು ಒಂದು ಗಂಟೆ ಲೆನ್ಸಿನಿಂದ ತಲೆ ಎತ್ತಲಿಲ್ಲ. ಎತ್ತಿದಾಗ ಕಣ್ಣು ಅರಳಿತ್ತು. "ದೊಡ್ಡಮ್ಮಾ, ಮೀಸೆ ಹುಟ್ಟೋ ಜಾಗವೂ ಬೇರೆ! ಕೇಳೋರಿಗೆ ನಡುವೆ, ಹೇಳೋರಿಗೆ ಸ್ವಲ್ಪ ಮುಂದೆ!"

ಅಂದಿನಿಂದ ಅವಳ ಪ್ರಬಂಧದ ದಾರಿಯೇ ಬದಲಾಯಿತು. ತೊಂಬತ್ತೈದನ್ನೂ ನಾನು ಎರಡು ಗುಂಪು ಮಾಡಿ ನನ್ನ ನೋಟ್‌ಬುಕ್ಕಿನಲ್ಲಿ ಬರೆದೆ. ಅವಳು ಹಾಕಿದ ನಂಬರು ಮಾತ್ರ ಹಿಡಿದ ಕ್ರಮದಲ್ಲೇ ಉಳಿಯಿತು, ಎರಡು ಗುಂಪಿನವೂ ಕಲಸಿಕೊಂಡು. ಆದರೆ ಮೂತಿ ನೋಡಿ ಹೇಳಿದರೆ ಈಗಿನ ಕಾಲದಲ್ಲಿ ಯಾರೂ ಒಪ್ಪುವುದಿಲ್ಲ. ಮೈ ಹೇಳುವುದನ್ನು ಡಿಎನ್‌ಎಯೂ ಹೇಳಬೇಕು. ಅದಕ್ಕೆ ಪ್ರತಿ ಹುಳದ ಒಂದು ಕಾಲು ಬೇಕು.

ಕಾಲು ಕೀಳುವ ಕೆಲಸಕ್ಕೆ ಒಂದಿಡೀ ದಿನ ಹಿಡಿಯಿತು. ಅಂಗೈಯಗಲದ ಒಂದು ಪ್ಲಾಸ್ಟಿಕ್ ಟ್ರೇ, ಗಾಜಿನಂತೆ ಪಾರದರ್ಶಕ. ಅದರಲ್ಲಿ ಸಾಲಿಗೆ ಹನ್ನೆರಡರಂತೆ ಎಂಟು ಸಾಲು, ಒಟ್ಟು ತೊಂಬತ್ತಾರು ಪುಟ್ಟ ಗುಳಿ. ತೊಂಬತ್ತೈದಕ್ಕೆ ತೊಂಬತ್ತೈದು ಕಾಲು. ಕೊನೆಯ ಗುಳಿಯಲ್ಲಿ ಬರೀ ನೀರು. ಖಾಲಿ ಗುಳಿಯಿಂದ ಏನೂ ಬರಬಾರದು, ಬಂದರೆ ಎಲ್ಲೋ ಎಡವಟ್ಟಾಗಿದೆ ಎಂದರ್ಥ. ಅದು ಕಾವಲುಗಾರ ಎಂದು ಗುಬ್ಬಿ ವಿವರಿಸಿದಳು. ಅವಳು ಟ್ರೇಯನ್ನು ನಮ್ಮ ನಡುವೆ ಇಟ್ಟು, ನೋಟ್‌ಬುಕ್ಕಿನಲ್ಲಿ ತಲೆ ಹುದುಗಿಸಿ ನಂಬರು ಕೂಗಿದಳು. ನಾನು ಚಿಮಟದಲ್ಲಿ ಕಾಲು ಬಿಡಿಸಿ ಗುಳಿಗೆ ಇಳಿಸಿದೆ. ಕೊನೆಗೆ ಉಳಿದ ಗುಳಿಗೆ ನೀರು ಬಿಟ್ಟದ್ದೂ ನಾನೇ. ನಡುನಡುವೆ ಅವಳ ಅತ್ತಿಗೆ ಮೊದಲ ಸಲ ಸೈಕಲ್ ಕಲಿತ ಕತೆ. ಅತ್ತಿಗೆ ಬ್ರೇಕ್ ಹಿಡಿಯುವ ಬದಲು ದಾರಿಯಲ್ಲಿ ಹೋಗುತ್ತಿದ್ದವರ ಜುಟ್ಟು ಹಿಡಿದರಂತೆ. ನಕ್ಕು ನಕ್ಕು ಒಂದು ಕಾಲು ನನ್ನ ಉಸಿರಿಗೇ ಹಾರಿತು. ಮೇಜಿನ ಮೇಲೆಲ್ಲ ತಡಕಾಡಿ ಹುಡುಕಿ ತೆಗೆದೆವು. ಸಂಜೆ ಟ್ರೇಗೆ ಮೇಣದ ಹಾಳೆ ಒತ್ತಿ ಬೇರೆ ಊರಿನ ಲ್ಯಾಬಿಗೆ ಕಳಿಸಿದೆವು.

ಐದು ವಾರದ ಮೇಲೆ ಫಲಿತಾಂಶ ಬಂತು. ಗುಬ್ಬಿ ಕಂಪ್ಯೂಟರ್ ಮುಂದೆ ಕೂತು ಒಂದು ಗುಂಪಿಗೆ ಕೆಂಪು, ಇನ್ನೊಂದಕ್ಕೆ ನೀಲಿ ಬಣ್ಣ ಹಾಕಿದಳು. ಹಾಕುತ್ತ ಹಾಕುತ್ತ ಅವಳ ಮುಖ ಸಪ್ಪಗಾಯಿತು.

"ಎರಡು ಜಾತಿ ಇರೋದು ನಿಜ ದೊಡ್ಡಮ್ಮಾ. ಚೆನ್ನಾಗಿ ಬೇರೆ ಬೇರೆ ಇದೆ. ಆದರೆ..."

"ಆದರೆ?"

"ನಿಮ್ಮ ಗುಂಪಿಗೂ ಇದಕ್ಕೂ ತಾಳೆ ಇಲ್ಲ."

ವಿಭಾಗದ ಪ್ರೊಫೆಸರು ಬಂದು ನೋಡಿದರು. ಅವರು ಒಳ್ಳೆಯವರೇ. ವಿದ್ಯಾರ್ಥಿಯಾಗಿದ್ದಾಗ ಮೂರು ಸೀಸೆ ಒಡೆದಿದ್ದರು, ನಾನೇ ಗಾಜು ಬಳಿದು ಯಾರಿಗೂ ಹೇಳದೆ ಬಿಟ್ಟಿದ್ದೆ. ಕನ್ನಡಕ ಹಣೆಗೇರಿಸಿ ಎಣಿಸಿದರು. "ಒಂದನೇ ನಂಬರು ಓದಕ್ಕೇ ಆಗಿಲ್ಲ. ಉಳಿದ ತೊಂಬತ್ತನಾಲ್ಕರಲ್ಲಿ ಹೊಂದಿಕೆ ಆಗಿರೋದು ನಲವತ್ತಾರು."

"ಅರ್ಧ ಸರಿ ಅಂದಹಾಗಾಯ್ತಲ್ಲ?" ಅಂದೆ.

ಅವರು ಮೆಲ್ಲಗೆ ಹೇಳಿದರು. "ಅಮ್ಮಾ, ನಾಣ್ಯ ಚಿಮ್ಮಿದ್ರೂ ಇಷ್ಟೇ ಬರೋದು."

ಗುಬ್ಬಿ ಬಿಡಲಿಲ್ಲ. "ಸರ್, ಕೊನೇ ಗುಳಿಯ ನೀರಲ್ಲೂ ಏನೋ ಬಂದಿದೆ. ಸ್ವಲ್ಪ ಪಕ್ಕದ್ದು ಸೋರಿರಬೇಕು."

"ಒಂದು ಗುಳಿ ಸೋರಿದ್ರೆ ಒಂದು ಕೆಡುತ್ತೆ, ತೊಂಬತ್ತನಾಲ್ಕೂ ಕೆಡಲ್ಲಮ್ಮ. ಮೂತಿ ನೋಡಿ ಹೇಳಕ್ಕಾಗಲ್ಲ ಅನ್ನೋದೇ ಫಲಿತಾಂಶ. ಮೂತಿಯ ಅಧ್ಯಾಯ ತೆಗೆದುಬಿಡು."

ಆಮೇಲೆ ನನ್ನ ಕಡೆ ತಿರುಗಿ, ನೋಡದೆ ಮಾತಾಡಿದರು. ಹುಳದ ಫೋಟೊ ತೆಗೆಯುವ ಹೊಸ ಯಂತ್ರ ಬರುವುದಿತ್ತು. ಅದಕ್ಕೆ ಕಿಟಕಿಯ ಬೆಳಕು ಬೇಕಂತೆ. "ಕಣ್ಣಿನ ಆಪರೇಷನ್ ಆದಮೇಲೆ ನಿಮಗೂ ಶ್ರಮ. ಸೋಮವಾರ ಮೇಜನ್ನ ಒಳಗಡೆ ಉಗ್ರಾಣಕ್ಕೆ ಹಾಕಿಸ್ತೀನಿ. ನೀವು ಯಾವಾಗ ಬೇಕಾದ್ರೂ ಬನ್ನಿ, ಕಾಫಿ ಕುಡಿಯೋಣ."

ಹೋದ ವರ್ಷ ನನ್ನ ಎಡಗಣ್ಣಿನ ಪೊರೆ ತೆಗೆಸಿದ್ದೆ. ಆಮೇಲೆ ಜಗತ್ತು ತೊಳೆದಿಟ್ಟ ಹಾಗೆ ಕಾಣುತ್ತಿದೆ ಎಂದುಕೊಂಡಿದ್ದೆ. ಅವತ್ತು ಮಾತ್ರ ಬಸ್ಸಿನಲ್ಲಿ ಒಂದು ಕಣ್ಣು ಮುಚ್ಚಿ, ಇನ್ನೊಂದು ಕಣ್ಣು ಮುಚ್ಚಿ, ಅಂಗಡಿಗಳ ಹೆಸರು ಓದುತ್ತ ಬಂದೆ. ಎಲ್ಲವೂ ಸರಿಯಾಗಿಯೇ ಓದಿಸಿಕೊಂಡವು. ಆದರೂ ಧೈರ್ಯ ಬರಲಿಲ್ಲ. ಇಷ್ಟು ವರ್ಷ ನಾನು ಗುಂಪು ಮಾಡಿದ ಸಾವಿರಾರು ಹುಳಗಳೂ ನಾಣ್ಯ ಚಿಮ್ಮಿದ ಹಾಗೆಯೇ ಆಗಿದ್ದರೆ?

ಗುಬ್ಬಿ ನನ್ನ ಮೇಲೆ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಶುಕ್ರವಾರ, ಶನಿವಾರ ಎರಡು ದಿನವೂ ಎದುರು ಕೂತು ಮೂತಿಯ ಅಧ್ಯಾಯವನ್ನು ಒಂದೊಂದೇ ಪುಟ ಅಳಿಸುತ್ತ, "ಚಹಾ ತರ್ಲಾ ದೊಡ್ಡಮ್ಮಾ?" ಎಂದು ಅರ್ಧ ಗಂಟೆಗೊಮ್ಮೆ ಕೇಳಿದಳು. ಬುತ್ತಿಯನ್ನು ಒಂದೇ ಸಲಕ್ಕೆ ಕೂತು ತಿಂದಳು. ಅದನ್ನು ನೋಡಲು ನನ್ನಿಂದಾಗಲಿಲ್ಲ.

ಭಾನುವಾರ ಬೆಳಿಗ್ಗೆ ಎಂದಿನಂತೆ ತಂಗಿಯ ಮಾತ್ರೆ ತುಂಬಿಸಿದೆ. ವಾರದ ಏಳು ದಿನಕ್ಕೆ ಏಳು ಕೋಣೆಯ ಒಂದು ಉದ್ದ ಡಬ್ಬಿ. ಅವಳ ರಕ್ತದೊತ್ತಡದ ಬಿಳಿ ಮಾತ್ರೆ ದಿನಕ್ಕೊಂದು. ಮೂಳೆಯ ಹಳದಿ ಮಾತ್ರೆ ವಾರಕ್ಕೊಂದೇ, ಸೋಮವಾರ ಬರಿಹೊಟ್ಟೆಯಲ್ಲಿ. ಮಾಮೂಲಿಗೆ ಒಬ್ಬಳೇ ತುಂಬಿಸುತ್ತೇನೆ. ಅವತ್ತು ನನ್ನ ಮುಖ ನೋಡಿ ಅವಳೇ ಬಂದು ಎದುರು ಕೂತಳು. ಹುಳದ ವಿಷಯ ತೆಗೆಯಲಿಲ್ಲ. ಬರೀ ಪಕ್ಕದ ಮನೆಯ ಬೆಕ್ಕಿನ ಸುದ್ದಿ ಹೇಳಿದಳು.

ಸೋಮವಾರ ಬೆಳಿಗ್ಗೆ ನಾನು ಚಪ್ಪಲಿ ಮೆಟ್ಟುತ್ತಿದ್ದೆ. ಮೇಜು ತೆಗೆಯುವ ಮೊದಲು ನನ್ನ ಸೂಜಿ, ಚಿಮಟ, ಕುಂಚ ತೆಗೆದಿಟ್ಟುಕೊಳ್ಳಬೇಕಿತ್ತು. ಒಳಗಿನಿಂದ ಕೂಗು ಬಂತು.

"ಅಕ್ಕಾ! ಹಳದಿ ಎಲ್ಲಿ?"

"ಸೋಮವಾರದಲ್ಲಿ ಹಾಕಿದ್ದೀನಲ್ಲೇ."

"ಹಾಕಿದ್ರೆ ಇರಬೇಕಲ್ಲ? ಇಲ್ಲಿ ಬಿಳೀದು ಒಂದೇ ಕೂತಿದೆ, ಮದುವೆ ಆಗದೆ ಉಳಿದವಳ ಹಾಗೆ."

"ಮೊದಲನೇ ಕೋಣೆಗೆ ನನ್ನ ಕೈಯಾರೆ ಹಾಕಿದ್ದೀನಿ."

ಅವಳು ಒಂದೊಂದೇ ಮುಚ್ಚಳ ತೆಗೆದಳು. "ಅಯ್ಯೋ, ಇಲ್ಲಿದೆ ನೋಡು! ಭಾನುವಾರದಲ್ಲಿ! ಮೊದಲನೇದು ಹೋಗಿ ಕೊನೇದ್ರಲ್ಲಿ ಕೂತಿದೆ. ನನ್ನನ್ನ ಬೇಗ ಸಾಗಹಾಕೋ ಯೋಚನೆ ಇದ್ರೆ ನೇರವಾಗಿ ಹೇಳಿಬಿಡು."

ನಾನು ಒಂದೇ ಚಪ್ಪಲಿಯಲ್ಲಿ ಒಳಗೆ ಹೋದೆ. ಡಬ್ಬಿಯ ಮೇಲಿನ ಅಕ್ಷರಗಳು ಅವಳ ಕಡೆಗೆ ಮುಖ ಮಾಡಿದ್ದವು. ನಿನ್ನೆ ಡಬ್ಬಿಯನ್ನು ಮೇಜಿನ ಮೇಲಿಟ್ಟವಳು ಅವಳು, ತನಗೆ ಕಾಣುವ ಹಾಗೆ. ತುಂಬಿಸಿದವಳು ನಾನು, ನನ್ನ ಎಡಗಡೆಯಿಂದ. ನನ್ನ ಮೊದಲನೆಯದು ಅವಳಿಗೆ ಕೊನೆಯದು.

ಟ್ರೇಯಲ್ಲೂ ಹೀಗೇ: ಮೊದಲನೆಯದು ಖಾಲಿ. ಕೊನೆಯದರಲ್ಲಿ ಏನೋ ಇದೆ.

ಅಲ್ಲೇ ಕುರ್ಚಿಗೆ ಕುಸಿದೆ. "ಏನಾಯ್ತೇ ಅಕ್ಕ? ತಮಾಷೆಗೆ ಅಂದೆ ಕಣೇ!" ಎಂದು ತಂಗಿ ಗಾಬರಿಯಾದಳು.

"ನನ್ನ ಕಣ್ಣು ಸರಿಯಾಗಿದೆ ಕಣೇ" ಅಂದೆ. "ಕೈಯೇ ಎಡವಟ್ಟು ಮಾಡಿದ್ದು."

ಬಸ್ಸಿನಲ್ಲಿ ದಾರಿಯುದ್ದಕ್ಕೂ ಯೋಚಿಸಿದೆ. ಇದು ನಿಜವಾದರೆ ಕಣ್ಣಿನ ಮಾನ ಉಳಿಯುತ್ತದೆ. ಆದರೆ ಆ ಹುಡುಗಿಯ ಐದು ವಾರ, ಲ್ಯಾಬಿನವರ ದುಡಿಮೆ, ಎರಡು ದಿನ ಅಳಿಸಿದ ಪುಟಗಳು, ಎಲ್ಲ ನನ್ನ ಕೈಯಿಂದ ಹಾಳಾದವು ಎಂದು ನಾನೇ ಬಾಯಿಬಿಟ್ಟು ಹೇಳಬೇಕು. ನಿಜವಲ್ಲದಿದ್ದರೆ, ಮೇಜು ಉಳಿಸಿಕೊಳ್ಳಲು ಮುದುಕಿ ಕತೆ ಕಟ್ಟಿದಳು ಅನ್ನುತ್ತಾರೆ. ನಿಲ್ದಾಣ ಬಂದದ್ದೂ ತಿಳಿಯಲಿಲ್ಲ. ಒಂದು ನಿಲ್ದಾಣ ಮುಂದೆ ಹೋಗಿ ನಡೆದು ಬಂದೆ.

ಕೋಣೆಯಲ್ಲಿ ಪ್ರೊಫೆಸರು ಅಳತೆಯ ಟೇಪು ಹಿಡಿದು ಕಿಟಕಿಯ ಬಳಿ ನಿಂತಿದ್ದರು. ಗುಬ್ಬಿ ನನ್ನ ಕುಂಚಗಳನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದಳು.

"ಬಿಚ್ಚು ಅದನ್ನ" ಅಂದೆ. "ಒಂದು ಖಾಲಿ ಟ್ರೇ ಕೊಡು. ನಿನ್ನ ಜಾಗದಲ್ಲಿ ಕೂತ್ಕೋ. ಅವತ್ತು ಇಟ್ಟ ಹಾಗೇ ಇಡು, ಯೋಚನೆ ಮಾಡಬೇಡ."

ಅವಳು ಯೋಚಿಸದೆ ಇಟ್ಟಳು. ಟ್ರೇಯ ಒಂದು ಮೂಲೆ ಕತ್ತರಿಸಿರುತ್ತದೆ, ಮೊದಲ ಗುಳಿ ಯಾವ ಕಡೆ ಎಂದು ತಿಳಿಯಲು. ಆ ಮೂಲೆ ಅವಳ ಎಡಕ್ಕೆ, ಅವಳಿಂದ ದೂರಕ್ಕೆ ಬಂತು. ಅಕ್ಷರಗಳೆಲ್ಲ ಅವಳ ಕಡೆಗೆ.

"ಈಗ ನೋಡು, ನಾನು ಕಾಲು ಹಾಕಿದ್ದು ಹೀಗೆ." ಚಿಮಟದ ತುದಿಯನ್ನು ನನ್ನ ಎಡಕ್ಕೆ, ನನ್ನಿಂದ ದೂರದ ಮೂಲೆಯ ಗುಳಿಗೆ ಇಟ್ಟೆ.

ಗುಬ್ಬಿ ಚಿಮಟದ ತುದಿ ನೋಡಿದಳು, ನನ್ನನ್ನು ನೋಡಿದಳು. "ದೊಡ್ಡಮ್ಮಾ, ಅದು ತೊಂಬತ್ತಾರನೇದು."

"ನಿನಗೆ ತೊಂಬತ್ತಾರು. ನನಗೆ ಒಂದು. ನೀರಿನ ಗುಳಿ ನನಗೆ ಕೊನೇದು, ಅಂದ್ರೆ ನಿನಗೆ..."

"ಒಂದು!" ಅವಳ ಕುರ್ಚಿ ಹಿಂದಕ್ಕೆ ಬಿತ್ತು. "ಸರ್! ಒಂದನೇದು ಓದಕ್ಕಾಗಿಲ್ಲ, ಯಾಕಂದ್ರೆ ಅದೇ ನೀರು! ಕೊನೇದು ಸೋರಿಲ್ಲ, ಅದೇ ಒಂದನೇ ಹುಳ!"

ಪ್ರೊಫೆಸರ ಕೈಯಲ್ಲಿದ್ದ ಟೇಪು ಸರ್ರೆಂದು ತನ್ನ ಗೂಡಿಗೆ ಹೊಕ್ಕಿತು. ಸ್ಟೂಲು ಎಳೆದು ಕೂತರು. "ಓದಿ. ಅವಳು ಲ್ಯಾಬಿನ ಪಟ್ಟಿ ಕೆಳಗಿಂದ ಓದಲಿ, ನೀವು ನಿಮ್ಮ ನೋಟ್‌ಬುಕ್ ಮೇಲಿಂದ ಓದಿ. ಒಬ್ಬರದು ಒಬ್ಬರು ನೋಡಬೇಡಿ."

"ತೊಂಬತ್ತಾರು, ಕೆಂಪು."

"ಒಂದು, ಕೇಳೋನು."

"ತೊಂಬತ್ತೈದು, ನೀಲಿ."

"ಎರಡು, ಹೇಳೋನು."

"ನೀಲಿ."

"ಹೇಳೋನು."

"ಕೆಂಪು."

"ಕೇಳೋನು."

ಹತ್ತು ದಾಟಿದ ಮೇಲೆ ಗುಬ್ಬಿ ಬೇಗಬೇಗ ಕೂಗತೊಡಗಿದಳು. ನನ್ನ ಬೆರಳು ನೋಟ್‌ಬುಕ್ಕಿನ ಸಾಲಿನ ಮೇಲೆ ಅಂಟಿಕೊಂಡಿತ್ತು. ಎತ್ತಿದರೆ ಎಲ್ಲ ಕದಡಿಹೋಗುತ್ತದೋ ಅನ್ನುವಂತೆ.

"ಎಂಬತ್ತು, ನೀಲಿ."

ನಾನು ಆ ಸಾಲನ್ನು ಇನ್ನೊಮ್ಮೆ ಓದಿಕೊಂಡೆ.

"ದೊಡ್ಡಮ್ಮಾ?"

"ಹದಿನೇಳು. ಕೇಳೋನು ಅಂತ ಬರೆದಿದ್ದೀನಿ."

ಪ್ರೊಫೆಸರು ಒಂದು ಗೀಟು ಎಳೆದುಕೊಂಡರು. ಮುಂದುವರಿದೆವು. ಅರವತ್ತೆರಡರಲ್ಲಿ ಇನ್ನೊಂದು ತಪ್ಪಿತು. ಕೊನೆಯ ಹುಳ ಮುಗಿದಾಗ ಉಳಿದದ್ದು ಪಟ್ಟಿಯ ಒಂದನೆಯ ಸಾಲು, ಬರೀ ನೀರು. ಪ್ರೊಫೆಸರು ಎರಡು ಸಲ ಎಣಿಸಿದರು.

"ತೊಂಬತ್ತೈದರಲ್ಲಿ ತೊಂಬತ್ತಮೂರು" ಅಂದರು. ಕನ್ನಡಕ ತೆಗೆದು ಒರೆಸಿದರು, ಅದು ಮಾಸಿರಲಿಲ್ಲ.

ಗುಬ್ಬಿ ಮೇಜು ಸುತ್ತಿ ಬಂದು ನನ್ನ ಕತ್ತು ತಬ್ಬಿಕೊಂಡಳು. ನಾನು ಹದಿನೇಳನ್ನೂ ಅರವತ್ತೆರಡನ್ನೂ ತರಲು ಹೇಳಿದೆ. ಹದಿನೇಳರ ಮೂತಿಯ ಬುಡದಲ್ಲಿ ಒಂದು ಚುಕ್ಕೆ ಗೋಂದು; ನಾನೇ ಅಂಟಿಸುವಾಗ ಬಿದ್ದದ್ದು, ಅದೇ ಬಾಗಿದಂತೆ ಕಂಡಿತ್ತು. ಅರವತ್ತೆರಡಕ್ಕೆ ನೆಪ ಹುಡುಕಿದೆ, ಸಿಗಲಿಲ್ಲ.

"ಇದು ಕಣ್ಣಿನದೇ ತಪ್ಪು, ಸರ್. ಬರ್ಕೊಳ್ಳಿ. ಟ್ರೇ ಪೂರ್ತಿ ಕೈಯ ತಪ್ಪು. ಈ ಮಗುವಿನ ಐದು ವಾರ ಹಾಳು ಮಾಡಿದೆ."

"ಟ್ರೇ ಇಟ್ಟೋಳು ನಾನು" ಅಂದಳು ಗುಬ್ಬಿ.

"ಹಾಕಿದೋಳು ನಾನು."

"ಸೈಕಲ್ ಕತೆ ಹೇಳಿ ನಗಿಸಿದೋಳು ನಾನು."

"ಸಾಕು ಸಾಕು, ತಪ್ಪನ್ನ ಒಬ್ಬರ ಬಾಯಿಂದ ಇನ್ನೊಬ್ಬರು ಕಿತ್ಕೊಳ್ಳೋದು ಇಲ್ಲೇ ನೋಡಿದ್ದು" ಎಂದು ಪ್ರೊಫೆಸರು ಎದ್ದರು. "ಆದರೆ ತಿರುಗಿಸಿ ಓದಿದ್ವಿ ಅಂತ ಪ್ರಬಂಧದಲ್ಲಿ ಬರೆದ್ರೆ ಪರೀಕ್ಷಕರು ಉಗೀತಾರೆ. ಇನ್ನೊಂದ್ಸಲ ಕಳಿಸಬೇಕು, ಒಂದು ಹನ್ನೆರಡು ಸಾಕು. ಹುಳಕ್ಕೆ ಇನ್ನೂ ಐದು ಕಾಲು ಇದೆಯಲ್ಲ?"

ನಾನು ಮೆಲ್ಲಗೆ ಕೇಳಿದೆ. "ಮೇಜು?"

ಅವರು ಟೇಪನ್ನು ಜೇಬಿಗೆ ಹಾಕಿದರು. "ಯಂತ್ರಕ್ಕೆ ದೀಪ ಹಾಕಿಸ್ತೀನಿ ಬಿಡಿ. ನಿಮ್ಮ ಕಣ್ಣಿಗೆ ಕಿಟಕಿ ಬೇಕು."

ಹನ್ನೆರಡು ಕಾಲು ಕಳಿಸುವ ದಿನ ಗುಬ್ಬಿ ಉಗುರಿಗೆ ಹಚ್ಚುವ ಕೆಂಪು ಬಣ್ಣ ತಂದು ಟ್ರೇಯ ಕತ್ತರಿಸಿದ ಮೂಲೆಗೆ ದೊಡ್ಡ ಚುಕ್ಕೆ ಇಟ್ಟಳು. ಆಮೇಲೂ ಅವಳಿಗೆ ಸಮಾಧಾನವಾಗಲಿಲ್ಲ. "ಇನ್ನು ಒಂದೇ ಕಡೆ ಕೂರೋದು" ಅಂದಳು. "ನೀವು ನೋಡಿದ್ದನ್ನೇ ನಾನೂ ನೋಡಬೇಕು."

"ನಿನ್ನ ಮೊಣಕೈ?"

ಆಗ ಪ್ರೊಫೆಸರನ್ನೇ ಕರೆದು ಮೂವರೂ ಮೇಜು ಹಿಡಿದು ಗೋಡೆಯಿಂದ ಒಂದು ಕುರ್ಚಿಯಷ್ಟು ಈಚೆಗೆ ಎಳೆದೆವು. ಆ ಸಂದಿಯಲ್ಲಿ, ನನ್ನ ಎಡಕ್ಕೆ, ಎಡಗೈಯವಳು ತೊಡೆಯ ಮೇಲೆ ನೋಟ್‌ಬುಕ್ ಇಟ್ಟುಕೊಂಡು ಕೂತಳು. ಯಾರ ಮೊಣಕೈಯೂ ಯಾರಿಗೂ ತಾಗಲಿಲ್ಲ. ಮೂರು ವರ್ಷ ನಮ್ಮಿಬ್ಬರಿಗೂ ಇದು ಹೊಳೆದಿರಲಿಲ್ಲ.

ಹನ್ನೆರಡಕ್ಕೆ ಹನ್ನೆರಡೂ ಸರಿ ಬಂದವು. ಅಳಿಸಿದ ಅಧ್ಯಾಯವನ್ನು ಅವಳು ಮತ್ತೆ ಬರೆದಳು. ಆ ದಿನಗಳಲ್ಲೆಲ್ಲ ಒಂದು ತುತ್ತು ತಿನ್ನುವುದು, ಏಳುವುದು, ಇನ್ನೊಂದು ತುತ್ತು ತಿನ್ನುವುದು. ಪಕ್ಕದಲ್ಲಿ ಕೂತರೆ ಅವಳ ಮುಖ ಕಾಣುವುದಿಲ್ಲ, ಅದೊಂದೇ ಕೊರತೆ. ಅವಳು ಕತೆ ಶುರು ಮಾಡಿದಾಗ ನಾನು ಲೆನ್ಸಿನಿಂದ ಕಣ್ಣು ತೆಗೆಯದೆ ಕತ್ತನ್ನು ಸ್ವಲ್ಪ ಎಡಕ್ಕೆ ಬಗ್ಗಿಸುತ್ತೇನೆ.

ತಂಗಿಯೂ ಈಗ ಭಾನುವಾರ ಬೆಳಿಗ್ಗೆ ಕುರ್ಚಿ ತಂದು ನನ್ನ ಪಕ್ಕಕ್ಕೇ ಹಾಕಿಕೊಳ್ಳುತ್ತಾಳೆ. ಡಬ್ಬಿಯ ಮೇಲೆ ಗುಬ್ಬಿ ಕೊಟ್ಟ ಕೆಂಪು ಚುಕ್ಕೆ ಇದೆ. "ಅಷ್ಟು ಬುದ್ಧಿವಂತೆ ಹಳದಿ ಮಾತ್ರೆ ಮರೆತರೆ ಹೇಗೆ ಹೇಳು" ಎಂದು ತಂಗಿ ಪ್ರತಿ ವಾರ ತಪ್ಪದೆ ಹೇಳುತ್ತಾಳೆ. ಮರೆತದ್ದಲ್ಲ ಎಂದು ನಾನೂ ಪ್ರತಿ ವಾರ ವಿವರಿಸುತ್ತೇನೆ.